ಚಲನಚಿತ್ರದ ಅಧ್ಯಯನದಲ್ಲಿ ಸ್ವತಂತ್ರ ಶೋಧನೆ: ‘ಚೋಮನ ದುಡಿ’ಯ ನಿದರ್ಶನ

ಚಲನಚಿತ್ರವನ್ನು ಕುರಿತು ನಮ್ಮ ಸ್ನಾತಕೋತ್ತರ ತರಗತಿಗಳಲ್ಲಿ ಸಿದ್ಧವಾಗುವ ಪ್ರಬಂಧಗಳು ಬಹುಮಟ್ಟಿಗೆ ಒಂದೇ ಅಚ್ಚಿನವು. ಮೊದಲು ನಿರ್ದೇಶಕರ ಜೀವನ, ಅನಂತರ ಕಥಾಸಾರ, ತರುವಾಯ ಪಾತ್ರಪರಿಚಯ, ಕೊನೆಗೆ ಪ್ರಶಸ್ತಿಗಳ ಪಟ್ಟಿ. ಅಲ್ಲಿ ಹೇಳಿರುವುದೆಲ್ಲವೂ ನಿಜವಿರಬಹುದು. ಆದರೂ ಚಿತ್ರವನ್ನು ನೋಡದೆಯೇ ಇದನ್ನು ಬರೆಯಬಹುದಾಗಿತ್ತಲ್ಲವೆ ಎಂಬ ಸಂಶಯ ಓದುಗನನ್ನು ಬಿಡುವುದಿಲ್ಲ. ಅಭ್ಯಾಸಿಯು ತಾನೇ ಕಂಡು, ತಾನೇ ಪರೀಕ್ಷಿಸಿ, ತನ್ನ ಹೊಣೆಯ ಮೇಲೆ ಒಂದು ಮಾತನ್ನು ಹೇಳುವುದು ಸಂಶೋಧನೆಯ ಪ್ರಥಮ ಲಕ್ಷಣ. ಆ ಶಕ್ತಿಯನ್ನು ಬೆಳೆಸಿಕೊಳ್ಳುವ ಬಗೆಯನ್ನು ನಮ್ಮ ನೆಲದ ಕಥೆಯುಳ್ಳ ಒಂದು ಚಿತ್ರವನ್ನೇ ಮುಂದಿಟ್ಟುಕೊಂಡು ಇಲ್ಲಿ ವಿಚಾರಿಸಬಹುದು.

ಶಿವರಾಮ ಕಾರಂತರ ‘ಚೋಮನ ದುಡಿ’ ಕಾದಂಬರಿ ಪ್ರಕಟವಾದದ್ದು 1933ರಲ್ಲಿ. ಬಿ. ವಿ. ಕಾರಂತರು ಅದನ್ನು 1975ರಲ್ಲಿ ತೆರೆಗೆ ತಂದರು. ಆ ವರ್ಷದ ಅತ್ಯುತ್ತಮ ಕಥಾಚಿತ್ರಕ್ಕೆ ಸಲ್ಲುವ ಸ್ವರ್ಣಕಮಲ ಅದಕ್ಕೆ ಸಂದಿತು. ಚೋಮನ ಪಾತ್ರ ವಹಿಸಿದ ಎಂ. ವಿ. ವಾಸುದೇವರಾಯರು ಶ್ರೇಷ್ಠ ನಟರೆನಿಸಿದರು. ಇಷ್ಟನ್ನು ಎಲ್ಲ ಪ್ರಬಂಧಗಳೂ ಹೇಳುತ್ತವೆ. ಶೋಧನೆ ಆರಂಭವಾಗಬೇಕಾದುದು ಇದಾದ ಮೇಲೆ.

‘ದುಡಿಯ ಸದ್ದು ಚೋಮನ ದುಃಖದ ಸಂಕೇತ’ ಎಂಬ ಮಾತು ವಿದ್ಯಾರ್ಥಿಗಳ ಬರಹದಲ್ಲಿ ಮತ್ತೆ ಮತ್ತೆ ಬರುತ್ತದೆ. ಇದನ್ನು ಪರೀಕ್ಷಿಸುವುದು ಹೇಗೆ? ಚಿತ್ರವನ್ನು ಮೂರು ಬಾರಿ ನೋಡಬೇಕು. ಮೊದಲ ಸಲ ತಡೆಯಿಲ್ಲದೆ, ಸಾಮಾನ್ಯ ಪ್ರೇಕ್ಷಕನಂತೆ; ಎರಡನೆಯ ಸಲ ಲೇಖನಿ ಹಿಡಿದು, ಒಂದೊಂದು ಶಾಟನ್ನೂ ಗುರುತಿಸುತ್ತ; ಮೂರನೆಯ ಸಲ ತೆರೆಯನ್ನು ಮುಚ್ಚಿ, ಕೇವಲ ಕಿವಿಯಿಂದ. ಹಾಳೆಯ ಮೇಲೆ ನಾಲ್ಕು ಅಂಕಣಗಳಿರಲಿ: ಕಾಲ, ಕಂಡದ್ದು, ಕೇಳಿದ್ದು, ಕಾದಂಬರಿಯಲ್ಲಿ ಅದಕ್ಕೆ ಸಂವಾದಿಯಾದ ಪುಟ. ದುಡಿ ಕಣ್ಣಿಗೆ ಬೀಳದೆ ಕೇಳಿಬರುವುದು ಎಲ್ಲಿ, ಕೇಳಿಬರಬೇಕೆಂದು ನಾವು ಬಯಸಿದಾಗ ಮೌನವಾಗಿರುವುದು ಎಲ್ಲಿ ಎಂಬುದು ಆಗ ತಾನಾಗಿಯೇ ಗೋಚರಿಸುತ್ತದೆ. ಕಾದಂಬರಿಕಾರರು ಚೋಮನ ಮನಸ್ಸನ್ನು ತಮ್ಮ ಮಾತಿನಿಂದಲೇ ವಿವರಿಸಬಲ್ಲರು. ಚಿತ್ರಕ್ಕೆ ಆ ಸೌಲಭ್ಯ ಕಡಮೆ. ಅದು ಆ ಭಾರವನ್ನು ವಾಸುದೇವರಾಯರ ಮುಖಕ್ಕೂ ದುಡಿಗೂ ಹಂಚಿಕೊಡುತ್ತದೆ. ಬಾಗಿಲು ಮುಚ್ಚಿಕೊಂಡು ಚೋಮನು ಬಾರಿಸುವ ಕೊನೆಯ ದುಡಿಯಲ್ಲಿ ದುಃಖಕ್ಕಿಂತ ಹೆಚ್ಚಾಗಿ ಹಟವಿದೆ, ರೋಷವಿದೆ ಎಂದು ನನಗೆ ತೋರುತ್ತದೆ. ಒಪ್ಪದವರು ತಮ್ಮ ಹಾಳೆಯನ್ನು ಮುಂದಿಟ್ಟು ವಾದಿಸಬಹುದು. ಹಾಳೆಯೇ ಇಲ್ಲದಿದ್ದರೆ ವಾದಕ್ಕೆ ಆಧಾರವೇ ಇಲ್ಲ.

ಇನ್ನು ಬೈಕಂಪಾಡಿಯಿಂದ ಬರುವ ಒಬ್ಬ ವಿದ್ಯಾರ್ಥಿಯನ್ನು ಕಲ್ಪಿಸಿಕೊಳ್ಳೋಣ. ಮನೆಯ ಮಾತು ತುಳು. ಊರಿನ ಒಂದು ಕಡೆ ಮೀನಕಳಿಯದ ಕಡಲತಡಿ, ಇನ್ನೊಂದು ಕಡೆ ಕೈಗಾರಿಕಾ ಪ್ರದೇಶ. ಚಲನಚಿತ್ರದ ಪಾಂಡಿತ್ಯವೆಲ್ಲ ಪುಣೆಯಲ್ಲೋ ಬೆಂಗಳೂರಿನಲ್ಲೋ ಇದೆಯೆಂದು ಅವನು ನಂಬಿದ್ದಾನೆ. ಆದರೆ ಚೋಮನಂಥವರ ನಿಜಜೀವನದ ಮಾತು ತುಳು. ಚಿತ್ರದಲ್ಲಿ ಅವರು ಕನ್ನಡವಾಡುತ್ತಾರೆ. ಆ ಕನ್ನಡದ ಹಿಂದೆ ತುಳುವಿನ ಧಾಟಿ ಎಲ್ಲಿ ಉಳಿದಿದೆ, ಎಲ್ಲಿ ಅಳಿಸಿದೆ ಎಂಬುದು ಪುಣೆಯ ಪಂಡಿತರಿಗಿಂತ ಬೇಗ ಇವನ ಕಿವಿಗೆ ತಿಳಿಯುತ್ತದೆ. ಇದು ಅವನ ಬಂಡವಾಳ. ಆದರೆ ‘ನನಗೆ ಹಾಗೆನಿಸಿತು’ ಎಂದಷ್ಟೇ ಬರೆದರೆ ಅದು ಆಧಾರವಾಗದು. ಯಾವ ದೃಶ್ಯ, ಯಾವ ಮಾತು, ಯಾವ ಉಚ್ಚಾರ ಎಂಬುದನ್ನು ನಮೂದಿಸಿದಾಗಲೇ ಅನುಭವವು ಪ್ರಮಾಣವಾಗುತ್ತದೆ.

ಚಿತ್ರದ ಹೊರಗಿನ ಸಾಮಗ್ರಿಯೂ ಬೇಕು. ಚೋಮನ ಜೀವಮಾನದ ಆಸೆ ಒಂದು ತುಂಡು ಭೂಮಿಯ ಬೇಸಾಯ. ಕಾದಂಬರಿಗೂ ಚಿತ್ರಕ್ಕೂ ನಡುವೆ 42 ವರ್ಷಗಳ ಅಂತರವಿದೆ. ಚಿತ್ರ ಬರುವ ಹಿಂದಿನ ವರ್ಷ, 1974ರ ಮಾರ್ಚ್ 1ರಂದು, ರಾಜ್ಯದಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಶಾಸನ ಜಾರಿಗೆ ಬಂದಿತ್ತು. ಅದು ಗೇಣಿದಾರನಿಗೆ ಹೊಲದ ಹಕ್ಕನ್ನು ಕೊಟ್ಟಿತು. ಗೇಣಿಯೂ ಇಲ್ಲದೆ ಒಡೆಯನಲ್ಲಿ ದುಡಿಯುತ್ತಿದ್ದವನಿಗೆ ಆ ಹಕ್ಕು ಹಾಗೆ ಒದಗಲಿಲ್ಲ. ಹೀಗಿರುವಾಗ 1975ರ ಪ್ರೇಕ್ಷಕನಿಗೆ ಚೋಮನು ಗತಕಾಲದವನಾಗಿ ಕಂಡನೋ ನೆರೆಯವನಾಗಿ ಕಂಡನೋ? ಇದಕ್ಕೆ ಉತ್ತರವನ್ನು ಅಂದಿನ ಪತ್ರಿಕೆಗಳ ಕಡತಗಳಲ್ಲಿ ಹುಡುಕಬೇಕು. ಮಣಿಪಾಲದ ‘ಉದಯವಾಣಿ’ 1970ರಿಂದಲೇ ಪ್ರಕಟವಾಗುತ್ತಿದೆ. ಇಂದು ಕಾರ್ಖಾನೆಗಳಿರುವ ನೆಲದಲ್ಲಿ ಹಿಂದೆ ಯಾರು ಉಳುತ್ತಿದ್ದರು, ಯಾರು ಕೂಲಿ ಮಾಡುತ್ತಿದ್ದರು ಎಂದು ಬೈಕಂಪಾಡಿಯ ಹಿರಿಯರನ್ನೂ ಕೇಳಬೇಕು. ಅವರ ನೆನಪು ಅಮೂಲ್ಯ. ಆದರೆ ನೆನಪು ವರ್ಷಗಳನ್ನು ಕಲಸಿಬಿಡುತ್ತದೆ. ಕೇಳಿದ್ದನ್ನು ಬರೆದ ದಾಖಲೆಯೊಡನೆ ಹೋಲಿಸಿ ನೋಡದೆ ಸ್ವೀಕರಿಸಬಾರದು.

ಅಚ್ಚಾದ ಮಾತನ್ನೂ ಹೀಗೆಯೇ ಪರೀಕ್ಷಿಸಬೇಕು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಎಂದು ನಾವೆಲ್ಲ ಓದಿದ್ದೇವೆ. 1934ರಲ್ಲಿ ಮೊದಲು ತೆರೆಕಂಡದ್ದು ಅದೇ. ಆದರೆ ತಯಾರಿಕೆ ಮೊದಲು ಆರಂಭವಾದದ್ದು ‘ಭಕ್ತ ಧ್ರುವ’ದ್ದೆಂದು ಹೇಳಲಾಗುತ್ತದೆ. ‘ಮೊದಲ’ ಎಂಬ ಚಿಕ್ಕ ಶಬ್ದದ ಅರ್ಥವನ್ನು ಕೂಡ ನಿಷ್ಕರ್ಷಿಸಿಕೊಂಡೇ ಬಳಸಬೇಕೆಂಬುದಕ್ಕೆ ಇದು ಸಾಕ್ಷಿ. ‘ಸತಿ ಸುಲೋಚನ’ದ ಪ್ರತಿ ಇಂದು ಉಳಿದಿಲ್ಲ. ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಪುಣೆಯಲ್ಲಿ ಸ್ಥಾಪಿತವಾದದ್ದು 1964ರಲ್ಲಿ, ಆ ಚಿತ್ರ ಬಂದು 30 ವರ್ಷಗಳಾದ ಮೇಲೆ. ಹಾಡಿನ ಪುಸ್ತಕ, ಭಿತ್ತಿಪತ್ರ, ಟಿಕೆಟಿನ ಚೂರು ಇವುಗಳನ್ನು ಇಂದು ಯಾರೂ ಎತ್ತಿಡದಿದ್ದರೆ ನಮ್ಮ ತುಳು ಚಿತ್ರಗಳಿಗೂ, 1971ರ ‘ಎನ್ನ ತಂಗಡಿ’ ಮೊದಲ್ಗೊಂಡು, ಅದೇ ಗತಿ ಒದಗಬಹುದು.

ಸಾಧನಗಳಿಲ್ಲವೆಂಬ ಆಕ್ಷೇಪವನ್ನು ನಾನು ಪೂರ್ಣವಾಗಿ ಒಪ್ಪಲಾರೆ. ಕೆ. ವಿ. ಸುಬ್ಬಣ್ಣನವರು ಹೆಗ್ಗೋಡಿನಂತಹ ಹಳ್ಳಿಯಲ್ಲಿ ಚಿತ್ರಸಮಾಜವನ್ನು ಕಟ್ಟಿ, ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ರೈತರ ಮುಂದಿಟ್ಟರು. ಅಂದು ಒಂದು ಪ್ರತಿಯನ್ನು ತರಿಸುವುದೇ ಸಾಹಸವಾಗಿತ್ತು. ಇಂದು ಅನೇಕ ಚಿತ್ರಗಳು ವಿದ್ಯಾರ್ಥಿಯ ಅಂಗೈಯಲ್ಲೇ ದೊರೆಯುತ್ತವೆ, ದುರ್ಲಭವಾಗಿರುವುದು ತಾಳ್ಮೆ.

ಅಧ್ಯಾಪಕರ ಕರ್ತವ್ಯವೂ ಇಲ್ಲಿದೆ. ವಿಷಯವನ್ನು ನಾವೇ ಆರಿಸಿ, ತೀರ್ಮಾನವನ್ನೂ ನಾವೇ ಸೂಚಿಸಿ, ಆಮೇಲೆ ವಿದ್ಯಾರ್ಥಿಯಲ್ಲಿ ಸ್ವಾತಂತ್ರ್ಯವಿಲ್ಲವೆಂದು ದೂರುವುದು ನ್ಯಾಯವಲ್ಲ. ಮೊದಲ ತಿಂಗಳು ಅವನಿಂದ ಪ್ರಬಂಧವನ್ನು ಕೇಳದೆ, ಒಂದೇ ಒಂದು ಪ್ರಶ್ನೆಯನ್ನೂ ಒಂದು ದೃಶ್ಯದ ಸಂಪೂರ್ಣ ಟಿಪ್ಪಣಿಯನ್ನೂ ಕೇಳೋಣ. ಆ ಟಿಪ್ಪಣಿಯಲ್ಲಿ ನಮಗೆ ಗೊತ್ತಿಲ್ಲದ ಒಂದು ಸಂಗತಿ ದೊರೆತರೆ, ಅಂದು ಅವನು ಸಂಶೋಧಕನಾದನೆಂದು ತಿಳಿಯಬೇಕು.