ಮಹಾವಿದ್ಯುಜ್ಜಾಲಗಳ ಪತನ: ಕಾರಣನಿರ್ಣಯದ ಒಂದು ವಿಮರ್ಶೆ

ಮಹಾವಿದ್ಯುಜ್ಜಾಲವೊಂದು ಕುಸಿದಾಗ ಅದರ ಕಾರಣವನ್ನು ಲೋಕವು ದೀಪಗಳು ಮತ್ತೆ ಬೆಳಗುವುದಕ್ಕೆ ಮೊದಲೇ ನಿರ್ಣಯಿಸಿಬಿಡುತ್ತದೆ. ವಿಚಾರಣಾ ಸಮಿತಿಯ ವರದಿ ಹೊರಬರುವ ಹೊತ್ತಿಗೆ ಆ ಮೊದಲ ನಿರ್ಣಯವು ಬೇರುಬಿಟ್ಟಿರುತ್ತದೆ. 2012ರ ಜುಲೈ ತಿಂಗಳಲ್ಲಿ ಉತ್ತರ ಭಾರತವು ಎರಡು ಬಾರಿ ಕತ್ತಲಾದುದಕ್ಕೆ ವಿದ್ಯುತ್ತಿನ ಅಭಾವವೇ ಕಾರಣವೆಂಬ ಮಾತನ್ನೂ, 2025ರ ಏಪ್ರಿಲಿನಲ್ಲಿ ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳು ಕತ್ತಲಾದುದಕ್ಕೆ ಸೌರವಿದ್ಯುತ್ತಿನ ಆಧಿಕ್ಯವೇ ಕಾರಣವೆಂಬ ಮಾತನ್ನೂ ನಾವು ಇಲ್ಲಿ ಪರಿಶೀಲಿಸಲು ಹೊರಟಿದ್ದೇವೆ. ಒಂದು ಕೊರತೆಯನ್ನು ದೂರುತ್ತದೆ, ಇನ್ನೊಂದು ಹೆಚ್ಚಳವನ್ನು. ಆದರೆ ಎರಡೂ ಜಾಲವನ್ನು ಕಣಜದಂತೆ ಭಾವಿಸುತ್ತವೆ. ಒಳಗಿರುವುದನ್ನು ಅಳೆದರೆ ಅದರ ಸ್ಥಿತಿ ತಿಳಿದುಬಿಡುತ್ತದೆಂದು ನಂಬುತ್ತವೆ. ಈ ಭಾವನೆಯೇ ಸರಿಯಲ್ಲವೆಂಬುದು ನಮ್ಮ ವಾದ.

ಪರ್ಯಾಯ ಪ್ರವಾಹದ ಜಾಲದಲ್ಲಿ ಸಾವಿರಾರು ಕಿಲೋಮೀಟರುಗಳ ಅಂತರದಲ್ಲಿರುವ ಜನಕಯಂತ್ರಗಳೆಲ್ಲವೂ ಒಂದೇ ಲಯದಲ್ಲಿ ತಿರುಗುತ್ತಿರಬೇಕು. ನಮ್ಮ ದೇಶದಲ್ಲಿ ಆ ಲಯವು ಸೆಕೆಂಡಿಗೆ 50 ಆವರ್ತಗಳು. ಉತ್ಪಾದನೆಗಿಂತ ಬಳಕೆ ಹೆಚ್ಚಿದರೆ ಯಂತ್ರಗಳ ವೇಗ ತಗ್ಗಿ ಈ ಸಂಖ್ಯೆ ಇಳಿಯುತ್ತದೆ. ಬಳಕೆ ತಗ್ಗಿದರೆ ಏರುತ್ತದೆ. ಅಭಾವದಿಂದಲೇ ಜಾಲ ಬಿತ್ತೆನ್ನುವವರು ಮೊದಲು ಈ ಸಂಖ್ಯೆಯನ್ನು ನೋಡಬೇಕಾಗಿತ್ತು. ಜುಲೈ 30ರ ಬೆಳಗಿನ ಜಾವ 2 ಗಂಟೆ 33 ನಿಮಿಷಕ್ಕೆ ಉತ್ತರದ ಜಾಲ ಬಿದ್ದಿತು. ಅದಕ್ಕೆ ತುಸು ಮುನ್ನ ಈ ಸಂಖ್ಯೆ 49.68 ಇತ್ತು. ಮರುದಿನ ಮಧ್ಯಾಹ್ನ 1 ಗಂಟೆಗೆ ಉತ್ತರ, ಪೂರ್ವ, ಈಶಾನ್ಯ ಜಾಲಗಳು ಮೂರೂ ಬಿದ್ದು, ಸುಮಾರು 60 ಕೋಟಿ ಜನರಿರುವ ಪ್ರದೇಶ ಬಾಧೆಗೊಳಗಾಯಿತು. ಅದಕ್ಕೆ ಮುನ್ನ ಅದು 49.84. ಹೆಮ್ಮೆಪಡತಕ್ಕ ಅಂಕಿಗಳಲ್ಲ, ನಿಜ. ಆದರೆ ಇವು ಪತನದ ಅಂಕಿಗಳೂ ಅಲ್ಲ.

ವಿದ್ಯುತ್ತು ಇತ್ತು, ಆದರೆ ಅದು ಪಶ್ಚಿಮ ಪ್ರಾಂತ್ಯದಲ್ಲಿತ್ತು. ಅಲ್ಲಿ ಮಳೆಯಾಗಿ ಬೇಡಿಕೆ ತಗ್ಗಿತ್ತು. ಉತ್ತರದಲ್ಲಿ ಮುಂಗಾರು ಕೈಕೊಟ್ಟು, ಸೆಕೆಯೂ ಗದ್ದೆಯ ಪಂಪುಗಳೂ ಸೇರಿ ಬೇಡಿಕೆಯನ್ನು ಏರಿಸಿದ್ದವು. ಪಶ್ಚಿಮವು ತನ್ನ ಗೊತ್ತಾದ ಪಾಲಿಗಿಂತ ಕಡಮೆಯನ್ನೂ ಉತ್ತರವು ಹೆಚ್ಚನ್ನೂ ತೆಗೆದುಕೊಳ್ಳುತ್ತಿದ್ದವು. ಇವೆರಡರ ನಡುವಣ ಮಾರ್ಗಗಳಲ್ಲಿ ಹಲವು ಆಗ ಸ್ಥಗಿತವಾಗಿದ್ದುದರಿಂದ ಹೊರೆಯು ಬೀನಾ–ಗ್ವಾಲಿಯರ್–ಆಗ್ರಾ 400 ಕಿಲೋವೋಲ್ಟ್ ಮಾರ್ಗದ ಮೇಲೆ ಕವಿದುಬಿದ್ದಿತು. ಆ ತಂತಿಯನ್ನು ಕಾಯುತ್ತಿದ್ದ ರಿಲೇ ವೋಲ್ಟೇಜನ್ನೂ ಪ್ರವಾಹವನ್ನೂ ಹೋಲಿಸಿ ದೋಷವು ಎಷ್ಟು ದೂರದಲ್ಲಿದೆಯೆಂದು ಊಹಿಸುವ ಜಾತಿಯದು. ಹೊರೆ ಮಿತಿಮೀರಿ ವೋಲ್ಟೇಜು ಕುಗ್ಗಿದಾಗ ಅದರ ಮೂರನೆಯ ವಲಯಕ್ಕೆ ಆ ಹೊರೆಯೇ ದೂರದ ದೋಷದಂತೆ ತೋರುತ್ತದೆ. ತಂತಿಯಲ್ಲಿ ಯಾವ ದೋಷವೂ ಇಲ್ಲದಿರುವಾಗ ರಿಲೇ ಅದನ್ನು ಜಾಲದಿಂದ ಬೇರ್ಪಡಿಸಿತು. ಶಕ್ತಿಯು ಪೂರ್ವದ ಮೂಲಕ ಬಳಸುದಾರಿ ಹಿಡಿಯಿತು. ಯಂತ್ರಸಮೂಹಗಳು ಲಯ ತಪ್ಪಿ ತೂಗಾಡಿ ಒಂದರಿಂದ ಒಂದು ಕಡಿದುಹೋದವು. ಮರುದಿನವೂ ಆರಂಭವಾದುದು ಅದೇ ಬೀನಾ–ಗ್ವಾಲಿಯರ್ ತಂತಿಯಿಂದಲೇ.

ಕೊರತೆ ಇರಲೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಉತ್ತರದ ರಾಜ್ಯಗಳಿಗೆ ಕೊರತೆಯಿದ್ದುದರಿಂದಲೇ ಅವು ಪಾಲು ಮೀರಿ ಸೆಳೆದವು. ಆದರೆ ಕೊರತೆಯ ಸಹಜ ಫಲವು ಅಲ್ಲಲ್ಲಿ ಸರಬರಾಜನ್ನು ಕಡಿತಗೊಳಿಸುವುದೇ ಹೊರತು ಮೂರು ಪ್ರಾಂತ್ಯಗಳ ಪತನವಲ್ಲ. ಆಗಸ್ಟಿನಲ್ಲಿ ಬಂದ ವಿಚಾರಣಾ ವರದಿಯು ದುರ್ಬಲವಾಗಿದ್ದ ಮಾರ್ಗಗಳು, ಅತಿಹೊರೆ, ರಿಲೇಯ ವರ್ತನೆ ಇವುಗಳ ಜೊತೆಗೆ, ಸೆಳೆತವನ್ನು ತಗ್ಗಿಸಿರೆಂಬ ಸೂಚನೆಗೆ ರಾಜ್ಯಗಳ ನಿಯಂತ್ರಣ ಕೇಂದ್ರಗಳು ತಕ್ಕಂತೆ ಸ್ಪಂದಿಸಲಿಲ್ಲವೆಂಬುದನ್ನೂ ಹೇಳಿತು. ನಮಗೆ ಅತ್ಯಂತ ಗಂಭೀರವಾಗಿ ತೋರುವುದು ಈ ಕೊನೆಯದೇ. ತಂತಿಯನ್ನು ಎಳೆಯಬಹುದು, ರಿಲೇಯನ್ನು ತಿದ್ದಬಹುದು. ಸೂಚನೆಯನ್ನು ಕೇಳದವನಿಗೆ ಯಾವ ಯಂತ್ರವೂ ಮದ್ದಲ್ಲ.

ಆ ಎರಡು ದಿನವೂ ದಕ್ಷಿಣದ ಜಾಲ ಬೀಳಲಿಲ್ಲ. ಇದು ನಮ್ಮವರ ಜಾಣತನದ ಫಲವೆಂದು ಬಗೆಯಬೇಕಾಗಿಲ್ಲ. ಅಂದು ದಕ್ಷಿಣವು ಉಳಿದ ದೇಶದೊಡನೆ ಸಮಲಯದಲ್ಲಿ ಬೆಸೆದಿರಲಿಲ್ಲ. ತಾಲ್ಚೇರ್–ಕೋಲಾರ, ಗಾಜುವಾಕ, ಭದ್ರಾವತಿಗಳ ನೇರ ಪ್ರವಾಹದ ಕೊಂಡಿಗಳೇ ಮುಖ್ಯ ಸಂಬಂಧವಾಗಿದ್ದವು. (ಈ ಭದ್ರಾವತಿ ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯದು, ನಮ್ಮ ಕಬ್ಬಿಣದ ಭದ್ರಾವತಿಯಲ್ಲ.) ಇಂತಹ ಕೊಂಡಿಯು ಶಕ್ತಿಯನ್ನು ದಾಟಿಸುತ್ತದೆ, ಲಯದ ತೂಗಾಟವನ್ನು ದಾಟಿಸುವುದಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣವೂ ಸಮಲಯಕ್ಕೆ ಸೇರಿತು. ಇದನ್ನು ಹಳಿಯುವವರೊಡನೆ ನಾವು ದನಿಗೂಡಿಸಲಾರೆವು. ದೊಡ್ಡ ಜಾಲದಲ್ಲಿ ತಿರುಗುವ ದ್ರವ್ಯರಾಶಿ ಹೆಚ್ಚು. ಒಂದು ಕೇಂದ್ರ ನಿಂತರೆ ಲಯವು ಇಳಿಯುವುದು ನಿಧಾನ. ಆದರೆ ಗ್ವಾಲಿಯರಿನ ರಿಲೇ ಇನ್ನು ಮೇಲೆ ರಾಯಚೂರಿನವರ ಚಿಂತೆಯೂ ಹೌದು.

ಇನ್ನು ಐಬೀರಿಯದ ಮಾತು. 2025ರ ಏಪ್ರಿಲ್ 28ರ ಮಧ್ಯಾಹ್ನ ಸ್ಪೇನಿನ ಉತ್ಪಾದನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಸೌರಮೂಲದ್ದಾಗಿತ್ತು. ಸೌರಫಲಕದಲ್ಲಿ ತಿರುಗುವ ಚಕ್ರವಿಲ್ಲ. ಆದುದರಿಂದ ಜಾಲದ ಜಡತ್ವ ಕುಗ್ಗಿತು. ಆದುದರಿಂದ ಅದು ಬಿದ್ದಿತು, ಎಂದು ವಾದ ಹೊರಟಿತು. ಈ ತರ್ಕಕ್ಕೆ ಶಾಸ್ತ್ರದ ಉಡುಪಿದೆ. ಅದರಿಂದಲೇ ಅದನ್ನು ಹೆಚ್ಚು ಎಚ್ಚರದಿಂದ ಕಾಣಬೇಕು. ಜಡತ್ವವು ತಡೆಯುವುದು ಲಯದ ಹಠಾತ್ ಬದಲಾವಣೆಯನ್ನು. ಅಂದು ಮೊದಲು ಕೆಟ್ಟುದು ಲಯವಲ್ಲ, ವೋಲ್ಟೇಜು. ಅದೂ ಕುಸಿಯಲಿಲ್ಲ, ಏರಿತು. ಹೊರೆ ಕಡಮೆಯಿರುವ ಉದ್ದ ತಂತಿಗಳು ತಾವೇ ರಿಯಾಕ್ಟಿವ್ ಶಕ್ತಿಯನ್ನು ಹುಟ್ಟಿಸಿ ವೋಲ್ಟೇಜನ್ನು ಏರಿಸುತ್ತವೆ. ಅದನ್ನು ಯಾರಾದರೂ ಹೀರಿಕೊಳ್ಳಬೇಕು. ಸ್ಪೇನ್ ಸರ್ಕಾರದ ವರದಿಯ ಪ್ರಕಾರ, ಆ ಕೆಲಸಕ್ಕೆ ನೇಮಿಸಿದ್ದ ಚಕ್ರಯಂತ್ರದ ಕೇಂದ್ರಗಳಲ್ಲಿ ಹಲವು ಹೀರಬೇಕಾದಷ್ಟನ್ನು ಹೀರಲಿಲ್ಲ. ಸೌರ ಕೇಂದ್ರಗಳಾದರೋ ನಿಯಮದಂತೆ ಒಂದು ಗೊತ್ತಾದ ಅನುಪಾತದಲ್ಲಿಯೇ ನಡೆಯುತ್ತಿದ್ದವು. ವೋಲ್ಟೇಜನ್ನು ಕ್ಷಣಕ್ಷಣಕ್ಕೂ ತಿದ್ದುವ ಹೊಣೆಯನ್ನು ಅವುಗಳಿಗೆ ವಹಿಸಿಯೇ ಇರಲಿಲ್ಲ. ವೋಲ್ಟೇಜು ಏರಿದಂತೆ ಕೇಂದ್ರವೊಂದು ಕಳಚಿಕೊಂಡಿತು. ಅದರಿಂದ ವೋಲ್ಟೇಜು ಇನ್ನೂ ಏರಿ ಮತ್ತೊಂದು ಕಳಚಿತು. ಕೆಲವೇ ಸೆಕೆಂಡುಗಳಲ್ಲಿ ಎಲ್ಲವೂ ಮುಗಿಯಿತು. ಇಲ್ಲಿ ಸೂರ್ಯನ ಅಪರಾಧ ಯಾವುದು? 2016ರಲ್ಲಿ ದಕ್ಷಿಣ ಆಸ್ಟ್ರೇಲಿಯದ ಜಾಲ ಬಿದ್ದಾಗಲೂ ಹೀಗೆಯೇ ಗಾಳಿಯನ್ನು ದೂರಿದರು. ಬಿರುಗಾಳಿ ತಂತಿಗೋಪುರಗಳನ್ನು ಉರುಳಿಸಿದ ಮೇಲೆ ಗಾಳಿಯಂತ್ರಗಳನ್ನು ಹಿಂದೆಗೆಸಿದ್ದು ಅವುಗಳ ರಕ್ಷಣಾ ವ್ಯವಸ್ಥೆಯಲ್ಲಿ ಮೊದಲೇ ಗೊತ್ತುಮಾಡಿದ್ದ ಒಂದು ಮಿತಿ.

ಹೊಸ ಉಪಕರಣಗಳನ್ನೂ ಈ ದೃಷ್ಟಿಯಿಂದಲೇ ತೂಗಬೇಕು. 'ಸ್ಮಾರ್ಟ್ ಗ್ರಿಡ್' ಎಂಬ ಹೆಸರು ಏನನ್ನೂ ಹೇಳುವುದಿಲ್ಲ. ಯಾವ ಉಪಕರಣ ಯಾವ ಹೊಣೆಯನ್ನು ಹೊರುತ್ತದೆ ಎಂದು ಕೇಳಿದರೆ ವಿಷಯ ತಿಳಿಯಾಗುತ್ತದೆ. ಸಾಮಾನ್ಯ ಇನ್ವರ್ಟರು ಜಾಲದ ಲಯವನ್ನು ಕೇಳಿಸಿಕೊಂಡು ಅನುಸರಿಸುತ್ತದೆ. ಜಾಲವನ್ನು ರೂಪಿಸುವ ಹೊಸ ಬಗೆಯ ಇನ್ವರ್ಟರು ಬ್ಯಾಟರಿಯ ಬಲದಿಂದ ತಾನೇ ಲಯವನ್ನು ಹಿಡಿದು ನಿಲ್ಲಬಲ್ಲುದು. ಸಿಂಕ್ರೊನಸ್ ಕಂಡೆನ್ಸರು ಹೊಸದೇನೂ ಅಲ್ಲ; ವಿದ್ಯುತ್ತನ್ನು ಉತ್ಪಾದಿಸದೆ ಬರಿದೇ ತಿರುಗುವ ಈ ಯಂತ್ರ ಜಡತ್ವವನ್ನೂ ವೋಲ್ಟೇಜಿನ ಆಸರೆಯನ್ನೂ ಕೊಡುವುದರಿಂದ ಮತ್ತೆ ಬಳಕೆಗೆ ಬರುತ್ತಿದೆ.

ನಮ್ಮ ನಾಡಿನ ಚರ್ಚೆ ಇನ್ನೂ ಕಣಜದ ಲೆಕ್ಕದಲ್ಲಿಯೇ ನಿಂತಿದೆ. ಪಾವಗಡದ ಸೌರ ಉದ್ಯಾನವನ್ನು ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ ಕಟ್ಟಲಾಗಿದೆ. ಅದನ್ನು ಹೊಗಳುವವರೆಲ್ಲ 2,050 ಮೆಗಾವ್ಯಾಟ್ ಎಂದು ಹೇಳಿ ನಿಲ್ಲಿಸುತ್ತಾರೆ. ಶರಾವತಿ ಕಣಿವೆಯಲ್ಲಿ ನೀರನ್ನು ಮೇಲೆತ್ತಿ ಸಂಗ್ರಹಿಸುವ ಯೋಜನೆಯ ಪರವಾಗಿ ಮಾತನಾಡುವವರದೂ 2,000 ಮೆಗಾವ್ಯಾಟ್ ಎಂಬ ಒಂದೇ ಅಂಕಿ. ಆ ಕಣಿವೆ ಸಿಂಗಳೀಕಗಳ ಅಭಯಾರಣ್ಯ. ಅಲ್ಲಿಯ ಕಾಡನ್ನು ಕಡಿಯಬೇಕೆನ್ನುವವರು, ಸೂರ್ಯ ಮುಳುಗಿದ ಮೇಲೆ ಎಷ್ಟು ಗಂಟೆಗಳ ಸಂಗ್ರಹ ಬೇಕು, ಅದರಲ್ಲಿ ಬ್ಯಾಟರಿಯಿಂದ ಆಗದ ಭಾಗ ಯಾವುದು, ಎಂದು ಮೊದಲು ತೋರಿಸಬೇಕು. ಹಾಗೆ ತೋರಿಸದ ಲೆಕ್ಕವನ್ನು ನಾವು ಒಪ್ಪಲಾರೆವು. ಪಾವಗಡದ ವಿಷಯದಲ್ಲಿಯೂ ಕೇಳತಕ್ಕ ಪ್ರಶ್ನೆಯೊಂದಿದೆ. ನಮ್ಮ ದೇಶದ ನಿಯಮಗಳು ಹೊಸ ಸೌರ ಕೇಂದ್ರಗಳಿಂದ ವೋಲ್ಟೇಜಿಗೆ ಆಸರೆ ಕೊಡುವ ಸಾಮರ್ಥ್ಯವನ್ನು ಅಪೇಕ್ಷಿಸುತ್ತವೆ. ತಕ್ಕಂತೆ ರಚಿಸಿದ ಇನ್ವರ್ಟರು ಬಿಸಿಲಿಲ್ಲದ ರಾತ್ರಿಯಲ್ಲಿಯೂ ರಿಯಾಕ್ಟಿವ್ ಶಕ್ತಿಯನ್ನು ಹೀರಬಲ್ಲುದು, ಕೊಡಬಲ್ಲುದು. ಆ ರಾತ್ರಿಯ ಕೆಲಸಕ್ಕೆ ಬೆಲೆ ಎಷ್ಟು, ಅದನ್ನು ಕೊಡುವವರು ಯಾರು?