ಮೈಸೂರು ರಾಣಿಯರ ಚಿತ್ರ ಮತ್ತು ಸಿಡುಬಿನ ಲಸಿಕೆ: ಒಂದು ಪ್ರಮಾಣವಿಮರ್ಶೆ

ಮೈಸೂರಿನ ಚರಿತ್ರೆಗೆ ಸಂಬಂಧಿಸಿದ ಒಂದು ತೈಲಚಿತ್ರವು ಇತ್ತೀಚಿನ ವರ್ಷಗಳಲ್ಲಿ ವಿದ್ವಾಂಸರ ವಲಯವನ್ನು ದಾಟಿ ಸಾಮಾನ್ಯ ವಾಚಕರ ಗಮನಕ್ಕೂ ಬಂದಿದೆ. ಐರ್ಲೆಂಡಿನ ಚಿತ್ರಕಾರನಾದ ಥಾಮಸ್ ಹಿಕ್ಕಿಯು ಸುಮಾರು 1805ರಲ್ಲಿ ಬರೆದ ಈ ಚಿತ್ರದಲ್ಲಿ ಆಭರಣಭೂಷಿತರಾದ ಮೂವರು ಸ್ತ್ರೀಯರಿದ್ದಾರೆ. ಇವರು ನರ್ತಕಿಯರು ಅಥವಾ ಗಣಿಕೆಯರು ಎಂಬ ಭಾವನೆ ಹಿಂದೆ ಪ್ರಚಲಿತವಾಗಿತ್ತು. ಹಿಕ್ಕಿಯು 1787ರಲ್ಲಿ ಜಮ್‌ದಾನಿ ಎಂಬ ಬಂಗಾಳದ ಸ್ತ್ರೀಯ ಚಿತ್ರವನ್ನು ಬರೆದಿದ್ದನು. ಆಕೆ ಒಬ್ಬ ಆಂಗ್ಲ ವಕೀಲನ ಸಂಗಾತಿಯಾಗಿದ್ದಳು. ಅಂಥ ಚಿತ್ರಕಾರನ ಮುಂದೆ ಅಂತಃಪುರದ ಸ್ತ್ರೀಯರು ಬಂದು ನಿಂತಾರೆಂದು ಊಹಿಸುವುದು ಕಷ್ಟವಾದದ್ದು ಸಹಜವೇ. ಆದರೆ 2001ರಲ್ಲಿ ಇತಿಹಾಸಕಾರರಾದ ನೈಜಲ್ ಚಾನ್ಸಲರ್ ಅವರು ‘ಮಾಡರ್ನ್ ಏಷ್ಯನ್ ಸ್ಟಡೀಸ್’ ಎಂಬ ವಿದ್ವತ್ಪತ್ರಿಕೆಯಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿ, ಈ ಸ್ತ್ರೀಯರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿವಾಸದವರೆಂದೂ ಚಿತ್ರವು ಸಿಡುಬಿನ ಲಸಿಕೆಯನ್ನು ಪ್ರಜೆಗಳಲ್ಲಿ ಪ್ರಚಾರಪಡಿಸುವ ಉದ್ದೇಶದಿಂದ ರಚಿತವಾದುದೆಂದೂ ವಾದಿಸಿದರು. 2020ರಲ್ಲಿ ಕೋವಿಡ್ ವ್ಯಾಧಿಯು ಹಬ್ಬಿದಾಗ ಈ ವಾದವು ಮತ್ತೆ ಬೆಳಕಿಗೆ ಬಂದಿತು. ಆದರೆ ಈ ಬಾರಿ ಅದು ವಾದದ ರೂಪದಲ್ಲಿ ಬರಲಿಲ್ಲ. ಸಿದ್ಧವಾದ ಸಂಗತಿಯಾಗಿಯೇ ಪ್ರಚಾರ ಪಡೆಯಿತು. ಇಂದು ನಮ್ಮ ವಿದ್ಯಾರ್ಥಿಗಳು ಈ ಚಿತ್ರವನ್ನು ‘ಲಸಿಕೆ ಹಾಕಿಸಿಕೊಂಡ ಮೈಸೂರು ರಾಣಿ’ ಎಂದೇ ಬಲ್ಲರು.

ಒಂದು ಊಹೆಯು ಸಿದ್ಧಾಂತವಾಗುವ ಈ ಕ್ರಮವನ್ನು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ. ಚಾನ್ಸಲರ್ ಅವರ ಪಾಂಡಿತ್ಯವನ್ನು ಅಲ್ಲಗಳೆಯುವುದು ಇಲ್ಲಿನ ಉದ್ದೇಶವಲ್ಲ. ಚಿತ್ರವೊಂದನ್ನು ಚರಿತ್ರೆಯ ಆಕರವನ್ನಾಗಿ ಬಳಸುವಾಗ ಅದು ಎಷ್ಟನ್ನು ಹೇಳಬಲ್ಲುದು, ಎಷ್ಟನ್ನು ನಾವು ಅದರ ಬಾಯಿಂದ ಹೇಳಿಸುತ್ತಿದ್ದೇವೆ ಎಂಬುದನ್ನು ಬೇರ್ಪಡಿಸಿ ನೋಡಬೇಕಾಗಿದೆ. ಹಾಗೆ ನೋಡಬೇಕಾದರೆ ಚರಿತ್ರೆಯ ಜ್ಞಾನವೊಂದೇ ಸಾಲದು. ರೋಗಪ್ರತಿರಕ್ಷಾಶಾಸ್ತ್ರದ ಪ್ರಾಥಮಿಕ ತತ್ತ್ವಗಳ ಪರಿಚಯವೂ ಅವಶ್ಯಕ.

ಮೊದಲು ಚಾನ್ಸಲರ್ ಅವರ ವಾದದ ಸಾರವನ್ನು ನೋಡೋಣ. 1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಮೇಲೆ ಐದು ವರ್ಷದ ಬಾಲಕರಾದ ಕೃಷ್ಣರಾಜ ಒಡೆಯರನ್ನು ಸಿಂಹಾಸನದಲ್ಲಿ ಕೂರಿಸಲಾಯಿತು. ದಿವಾನ್ ಪೂರ್ಣಯ್ಯನವರು ರಾಜ್ಯಭಾರವನ್ನು ನಡೆಸುತ್ತಿದ್ದರು. ಅರಮನೆಯಲ್ಲಿ ರಾಜಮಾತೆ ಲಕ್ಷ್ಮಮ್ಮಣ್ಣಿಯವರ ಮಾತೇ ಕೊನೆಯ ಮಾತಾಗಿತ್ತು. 1805ರ ಸುಮಾರಿಗೆ ಬಾಲರಾಜರ ವಿವಾಹ ನಡೆಯಿತು. ಚಿತ್ರದ ಬಲಭಾಗದಲ್ಲಿರುವ ತರುಣಿಯು ಕಿರಿಯ ರಾಣಿ ದೇವಾಜಮ್ಮಣ್ಣಿಯವರೆಂದೂ, ಆಕೆ ತನ್ನ ಎಡತೋಳನ್ನು ಬಲಗೈಯಿಂದ ಸೂಚಿಸುತ್ತ ಲಸಿಕೆ ಪಡೆದ ಸ್ಥಳವನ್ನು ಮರ್ಯಾದೆಗೆ ಲೋಪ ಬಾರದಂತೆ ತೋರಿಸುತ್ತಿರುವಳೆಂದೂ ಚಾನ್ಸಲರ್ ಅವರ ಅಭಿಪ್ರಾಯ. ಎಡಭಾಗದವರು ಹಿರಿಯ ರಾಣಿ. ಆಕೆಯ ಮೂಗಿನ ಕೆಳಗೂ ಬಾಯಿಯ ಸುತ್ತಲೂ ಚರ್ಮದ ಬಣ್ಣ ಮಾಸಿರುವಂತೆ ಕಾಣುತ್ತದೆ. ಇದು ಸಿಡುಬಿನ ಹಕ್ಕಳೆಯ ಪುಡಿಯನ್ನು ಮೂಗಿನೊಳಕ್ಕೆ ಊದಿ ರೋಗನಿರೋಧವನ್ನುಂಟುಮಾಡುವ ಹಳೆಯ ವಿಧಾನದ ಗುರುತೆಂದು ಅವರು ಅರ್ಥೈಸುತ್ತಾರೆ. ಹೀಗೆ ಒಂದೇ ಚಿತ್ರಪಟದಲ್ಲಿ ಹಳೆಯ ವಿಧಾನವೂ ಹೊಸ ವಿಧಾನವೂ ಎದುರುಬದುರಾಗಿ ನಿಂತಿವೆ ಎಂಬುದು ಈ ವಾದದ ಮುಖ್ಯ ಆಕರ್ಷಣೆ. ಇದರೊಡನೆ ದೇವಾಜಮ್ಮಣ್ಣಿಯವರು ಲಸಿಕೆ ಪಡೆದುದರಿಂದ ಜನರ ಮೇಲೆ ಸತ್ಪರಿಣಾಮವುಂಟಾಯಿತೆಂದು ಹೇಳುವ ಜುಲೈ 1806ರ ಒಂದು ಸರ್ಕಾರಿ ದಾಖಲೆಯನ್ನೂ ಅವರು ಆಧಾರವಾಗಿ ಕೊಡುತ್ತಾರೆ.

ಈ ಎರಡು ವಿಧಾನಗಳ ಭೇದವನ್ನು ಸ್ಪಷ್ಟವಾಗಿ ತಿಳಿಯದೆ ವಿಮರ್ಶೆ ಮುಂದುವರಿಯಲಾರದು. ಹಳೆಯ ವಿಧಾನದಲ್ಲಿ ಸಿಡುಬಿನ ರೋಗಿಯ ಬೊಕ್ಕೆಯಿಂದ ತೆಗೆದ ದ್ರವ್ಯವನ್ನೇ ಆರೋಗ್ಯವಂತನ ದೇಹದಲ್ಲಿ ಸೇರಿಸಲಾಗುತ್ತಿತ್ತು. ಹಾಗೆ ಬಂದ ಸಿಡುಬು ಸಾಮಾನ್ಯವಾಗಿ ಸೌಮ್ಯವಾಗಿರುತ್ತಿತ್ತು. ತಾನಾಗಿ ತಗುಲಿದ ಸಿಡುಬಿನಿಂದ ನೂರಕ್ಕೆ ಸುಮಾರು 30 ಮಂದಿ ಸಾಯುತ್ತಿದ್ದರೆ, ಹೀಗೆ ಹಾಕಿಸಿಕೊಂಡವರಲ್ಲಿ ಸಾವು ನೂರಕ್ಕೆ ಒಂದೆರಡು ಮಾತ್ರ. ಆದರೂ ಅದು ನಿಜವಾದ ಸಿಡುಬೇ. ಹಾಕಿಸಿಕೊಂಡವನಿಂದ ನೆರೆಯವನಿಗೆ ಪೂರ್ಣಬಲದ ರೋಗವೇ ಹರಡಬಹುದಾಗಿತ್ತು. ಎಡ್ವರ್ಡ್ ಜೆನ್ನರನು 1796ರ ಮೇ 14ರಂದು ಎಂಟು ವರ್ಷದ ಜೇಮ್ಸ್ ಫಿಪ್ಸ್ ಎಂಬ ಬಾಲಕನ ಮೇಲೆ ಪ್ರಯೋಗಿಸಿ 1798ರಲ್ಲಿ ಪ್ರಕಟಿಸಿದ ವಿಧಾನದಲ್ಲಾದರೋ ಬಳಸಿದ್ದು ಹಸುವಿನ ಸಿಡುಬಿನ ದ್ರವ್ಯ. ಈ ಎರಡು ರೋಗಗಳ ವೈರಾಣುಗಳು ಒಂದೇ ಕುಲಕ್ಕೆ ಸೇರಿದವು. ಅವುಗಳ ಹೊರಮೈಯ ರಚನೆಯಲ್ಲಿ ಹೋಲಿಕೆಯಿದೆ. ಆದುದರಿಂದ ಒಂದನ್ನು ಎದುರಿಸಲು ದೇಹವು ಸಿದ್ಧಪಡಿಸಿಕೊಂಡ ಪ್ರತಿಕಾಯಗಳೂ ಸ್ಮೃತಿಕೋಶಗಳೂ ಇನ್ನೊಂದನ್ನು ಗುರುತಿಸಿ ತಡೆಯಬಲ್ಲವು. ಪ್ರತಿಕಾಯಗಳ ಈ ಜ್ಞಾನವು ಜೆನ್ನರನಿಗಿರಲಿಲ್ಲ. ಫಲವನ್ನು ಮಾತ್ರ ಅವನು ಕಂಡಿದ್ದನು. ಲಸಿಕೆ ಹಾಕಿಸಿಕೊಂಡವನು ಯಾರಿಗೂ ಸಿಡುಬನ್ನು ಹರಡಲಾರನು. ಸಮಾಜದ ದೃಷ್ಟಿಯಿಂದ ಎರಡು ವಿಧಾನಗಳ ನಡುವೆ ಇರುವ ಅತ್ಯಂತ ದೊಡ್ಡ ಅಂತರವೆಂದರೆ ಇದೇ.

ಇನ್ನು ಚಿತ್ರದ ವಿಚಾರ. ಹಿರಿಯ ರಾಣಿಯ ಮುಖದ ಮೇಲಿನ ಗುರುತನ್ನು ಮೊದಲು ತೆಗೆದುಕೊಳ್ಳೋಣ. ಸಿಡುಬಿನ ಪುಡಿಯನ್ನು ಮೂಗಿಗೆ ಊದುವ ವಿಧಾನವು ಚೀನಾದೇಶದಲ್ಲಿ ಪ್ರಸಿದ್ಧವಾಗಿದ್ದುದು. ಭಾರತದ ವಿಧಾನವನ್ನು ವಿವರಿಸುವ ಪ್ರಮುಖ ಆಕರವಾದ ಹಾಲ್‌ವೆಲ್ಲನ 1767ರ ವರದಿಯಲ್ಲಿ ಮೂಗಿನ ಪ್ರಸ್ತಾಪವಿಲ್ಲ, ತೋಳಿನ ಪ್ರಸ್ತಾಪವಿದೆ. ಬಂಗಾಳದಲ್ಲಿ ಈ ಕಾರ್ಯವನ್ನು ನಡೆಸುತ್ತಿದ್ದ ಬ್ರಾಹ್ಮಣರು ಚರ್ಮವನ್ನು ಸೂಕ್ಷ್ಮವಾಗಿ ಗೀರಿ, ಹಿಂದಿನ ವರ್ಷದ ಸಿಡುಬಿನ ದ್ರವ್ಯದಲ್ಲಿ ನೆನೆಸಿದ ಹತ್ತಿಯನ್ನು ಅದರ ಮೇಲೆ ಇಡುತ್ತಿದ್ದರೆಂದು ಅವನು ಹೇಳುತ್ತಾನೆ. ಬಂಗಾಳದ ಆಚರಣೆಯೇ ಮೈಸೂರಿನಲ್ಲಿಯೂ ಇತ್ತೆಂದು ನಿಶ್ಚಯಿಸುವುದು ಸಾಧುವಲ್ಲವೆಂಬುದು ನಿಜ. ಆದರೆ ಚೀನಾದ ಆಚರಣೆಯು ಮೈಸೂರಿನ ಅಂತಃಪುರದಲ್ಲಿತ್ತೆಂದು ಹೇಳುವುದು ಅದಕ್ಕಿಂತಲೂ ಕಠಿನವಾದ ಮಾತು. ಅದಕ್ಕೆ ಮುಖದ ಮೇಲಿನ ಒಂದು ಛಾಯೆಗಿಂತ ಬಲವತ್ತರವಾದ ಪ್ರಮಾಣ ಬೇಕು. ಎರಡು ಶತಮಾನಗಳನ್ನು ಕಂಡ ತೈಲಚಿತ್ರದಲ್ಲಿ ಬಣ್ಣ ಮಾಸುವುದಕ್ಕೆ ಬೇರೆ ಕಾರಣಗಳು ಹಲವಿರಬಹುದು. ಚಿತ್ರಕಾರನು ಮುಖದ ಮೇಲಿನ ನೆರಳನ್ನು ತೋರಿಸಲು ಬಳಸಿದ ವರ್ಣವೂ ಹಾಗೆ ಕಂಡೀತು.

ಎರಡನೆಯದು ತೋಳಿನ ವಿಚಾರ. ಇಲ್ಲಿ ಚಾನ್ಸಲರ್ ಅವರ ವಾದವು ನಿಂತಿರುವುದು ಲಸಿಕೆಯ ಕಲೆಯ ಮೇಲಲ್ಲ, ಕೈಯ ಸಂಜ್ಞೆಯ ಮೇಲೆ ಎಂಬುದನ್ನು ಗಮನಿಸಬೇಕು. ಸಂಜ್ಞೆಯು ತೋಳನ್ನೇ ಸೂಚಿಸುತ್ತದೆಂದು ಒಪ್ಪಿಕೊಂಡರೂ ಸಮಸ್ಯೆ ತೀರುವುದಿಲ್ಲ. ಹಾಲ್‌ವೆಲ್ಲನ ವರದಿಯಲ್ಲಿ ಒಂದು ಸ್ವಾರಸ್ಯವಾದ ವಿವರವಿದೆ. ಪುರುಷರಿಗೆ ಮಣಿಕಟ್ಟಿಗೂ ಮೊಳಕೈಗೂ ನಡುವೆ, ಸ್ತ್ರೀಯರಿಗೆ ಮೊಳಕೈಗೂ ಹೆಗಲಿಗೂ ನಡುವೆ ಸಿಡುಬು ಹಾಕುವುದು ಆ ವೃತ್ತಿಯವರಿಗೆ ಇಷ್ಟವಾದ ಪದ್ಧತಿಯಾಗಿತ್ತೆಂದು ಅವನು ತಿಳಿಸಿದ್ದಾನೆ. ಎಂದರೆ ಸ್ತ್ರೀಯೊಬ್ಬಳ ಮೇಲ್ದೋಳಿನಲ್ಲಿರುವ ಗುರುತು ಹಳೆಯ ವಿಧಾನಕ್ಕೂ ಅಷ್ಟೇ ಚೆನ್ನಾಗಿ ಹೊಂದುತ್ತದೆ. ಹೀಗಾಗಿ ಯಾವ ಭೇದದ ಮೇಲೆ ಇಡೀ ವ್ಯಾಖ್ಯಾನವು ನಿಂತಿದೆಯೋ, ಎಂದರೆ ಮೂಗಿನದು ಹಳೆಯದು, ತೋಳಿನದು ಹೊಸದು ಎಂಬ ಭೇದ, ಅದೇ ಭಾರತದ ಸಂದರ್ಭದಲ್ಲಿ ಸಡಿಲವಾಗುತ್ತದೆ.

ಮೂರನೆಯದು ಹೆಸರಿನ ವಿಚಾರ. ಚಾನ್ಸಲರ್ ಅವರೇ ಹೇಳುವಂತೆ ಇಬ್ಬರು ರಾಣಿಯರ ಹೆಸರೂ ದೇವಾಜಮ್ಮಣ್ಣಿ ಎಂದೇ. ಒಂದೇ ಹೆಸರು ಮತ್ತೆ ಮತ್ತೆ ಬರುವ ಮೈಸೂರು ರಾಜಮನೆತನದಲ್ಲಿ ರಾಣಿಯರನ್ನು ಸನ್ನಿಧಾನದ ಹೆಸರಿನಿಂದ ಗುರುತಿಸುವ ವಾಡಿಕೆಯಿದ್ದುದು ಎಲ್ಲರಿಗೂ ವಿದಿತವಷ್ಟೆ. ಕೆಂಪನಂಜಮ್ಮಣ್ಣಿಯವರನ್ನು ನಾವು ವಾಣೀವಿಲಾಸ ಸನ್ನಿಧಾನದವರೆಂದೇ ಬಲ್ಲೆವು. ಆದುದರಿಂದ ದಾಖಲೆಯೊಂದರಲ್ಲಿ ಬರುವ ದೇವಾಜಮ್ಮಣ್ಣಿ ಎಂಬ ಬರಿಯ ಹೆಸರನ್ನು ಚಿತ್ರದ ಬಲಭಾಗದ ಮುಖಕ್ಕೆ ಜೋಡಿಸುವ ಮೊದಲು ಎರಡು ಬಾರಿ ಯೋಚಿಸಬೇಕಾಗುತ್ತದೆ.

ಹಾಗಾದರೆ ಈ ವ್ಯಾಖ್ಯಾನವು ನಿರಾಧಾರವೇ? ಹಾಗೆನ್ನುವುದು ಅನ್ಯಾಯವಾದೀತು. ಇಲ್ಲಿ ಎರಡು ಪ್ರಶ್ನೆಗಳು ಬೆರೆತುಹೋಗಿವೆ. ಮೈಸೂರಿನ ರಾಣಿಯೊಬ್ಬರು ಲಸಿಕೆ ಹಾಕಿಸಿಕೊಂಡರೇ ಎಂಬುದು ಒಂದು ಪ್ರಶ್ನೆ. ಹಿಕ್ಕಿಯ ಚಿತ್ರವು ಆ ಸಂಗತಿಯನ್ನು ತೋರಿಸುವುದೇ ಎಂಬುದು ಮತ್ತೊಂದು. ಮೊದಲನೆಯದಕ್ಕೆ 1806ರ ದಾಖಲೆಯ ಬೆಂಬಲವಿದೆ. ಚಿತ್ರವು ನಾಳೆ ನರ್ತಕಿಯರದೆಂದೇ ಸ್ಥಾಪಿತವಾದರೂ ಆ ದಾಖಲೆಗೆ ಬಾಧಕವಿಲ್ಲ. ಎರಡನೆಯದಕ್ಕೆ ಇರುವುದು ಕಾಲ, ಸ್ಥಳ ಮತ್ತು ಸಂಜ್ಞೆಗಳ ಹೊಂದಿಕೆಯಿಂದ ಹುಟ್ಟಿದ ಅನುಮಾನ ಮಾತ್ರ. ಅನುಮಾನವೂ ಪ್ರಮಾಣವೇ ಆದರೂ, ಅದನ್ನು ಪ್ರತ್ಯಕ್ಷವೆಂದು ಹೇಳುವುದು ತರ್ಕಶಾಸ್ತ್ರಕ್ಕೂ ಚರಿತ್ರೆಗೂ ಸಮ್ಮತವಲ್ಲ. ಇನ್ನು ದಾಖಲೆಯ ಮಾತನ್ನು ಕೂಡ ಸ್ವಲ್ಪ ತೂಗಿ ನೋಡಬೇಕು. ಲಸಿಕೆಯ ಪ್ರಚಾರವನ್ನು ಕೈಗೊಂಡಿದ್ದ ಆಡಳಿತವೇ ಆ ಪ್ರಚಾರವು ಫಲಿಸಿತೆಂದು ಹೇಳುವಾಗ, ರಾಣಿ ಲಸಿಕೆ ಪಡೆದರೆಂಬ ಭಾಗವನ್ನು ಒಪ್ಪಬಹುದು. ಅದರಿಂದ ಜನರು ಮುಂದೆ ಬಂದರೆಂಬ ಭಾಗಕ್ಕೆ ಬೇರೆ ಸಾಕ್ಷ್ಯವನ್ನು ಹುಡುಕಬೇಕು.

ಇಷ್ಟಕ್ಕೂ ಈ ಚಿತ್ರದ ಕಥೆಯು ಜನಪ್ರಿಯವಾಗಿರುವುದರಿಂದ ಆಗಿರುವ ದೊಡ್ಡ ನಷ್ಟ ಬೇರೊಂದಿದೆ. ಲಸಿಕೆಯ ಚರಿತ್ರೆಯು ಅದನ್ನು ಒಪ್ಪಿದ ಅರಸುಮನೆತನಗಳ ಚರಿತ್ರೆಯಾಗಿ, ಅದನ್ನು ಹೊತ್ತುತಂದವರ ಚರಿತ್ರೆಯು ಮರೆಯಾಗುತ್ತದೆ. ಆ ಕಾಲದಲ್ಲಿ ಲಸಿಕೆಯನ್ನು ಶೀಷೆಯಲ್ಲಿಟ್ಟು ಕಾಪಾಡುವ ಸಾಧನಗಳಿರಲಿಲ್ಲ. ದಾರದಲ್ಲಿ ಒಣಗಿಸಿ ಕಳುಹಿಸಿದ ದ್ರವ್ಯವು ದೂರದ ಪ್ರಯಾಣದಲ್ಲಿ, ಬಿಸಿಲಿನ ತಾಪದಲ್ಲಿ ನಿಸ್ಸತ್ತ್ವವಾಗುತ್ತಿತ್ತು. ನಂಬಬಹುದಾದ ಪಾತ್ರೆಯೆಂದರೆ ಮನುಷ್ಯನ ತೋಳು ಒಂದೇ. ಒಬ್ಬನ ತೋಳಿನಲ್ಲಿ ಎದ್ದ ಬೊಕ್ಕೆಯು ಸುಮಾರು ಎಂಟನೆಯ ದಿನಕ್ಕೆ ಪಕ್ವವಾದಾಗ ಅದರ ರಸವನ್ನು ತೆಗೆದು ಮತ್ತೊಬ್ಬನಿಗೆ ಹಾಕಬೇಕು, ಅವನಿಂದ ಇನ್ನೊಬ್ಬನಿಗೆ. ಸರಪಳಿ ಎಲ್ಲಿಯಾದರೂ ಕಡಿದರೆ ಲಸಿಕೆಯೇ ನಷ್ಟ. ವಿಯೆನ್ನಾದಿಂದ ಬಾಗ್ದಾದಿಗೆ, ಅಲ್ಲಿಂದ ಬಸ್ರಾಕ್ಕೆ, ಬಸ್ರಾದಿಂದ ಮುಂಬಯಿಗೆ ಲಸಿಕೆ ಬಂದಿತು. 1802ರ ಜೂನ್ 14ರಂದು ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಯ ತೋಳಿನಲ್ಲಿ ಅದು ಫಲಿಸಿತು. ಭಾರತದಲ್ಲಿ ಯಶಸ್ವಿಯಾದ ಮೊದಲ ಲಸಿಕೆ ಇದೇ. ಆಕೆಯ ತೋಳಿನ ರಸದಿಂದ ಮರುವಾರ ಮತ್ತೆ ಐವರು ಮಕ್ಕಳಿಗೆ ಲಸಿಕೆ ಹಾಕಲಾಯಿತು. ಹೀಗೆ ತೋಳಿನಿಂದ ತೋಳಿಗೆ ಸಾಗುತ್ತ ಅದು ಇತರ ಪ್ರಾಂತಗಳನ್ನು ಮುಟ್ಟಿತು. ಇದು ಭಾರತದ ವಿಶೇಷವೇನಲ್ಲ. 1803ರ ನವೆಂಬರಿನಲ್ಲಿ ಸ್ಪೇನ್ ದೇಶದ ಬಾಲ್ಮಿಸ್ ಎಂಬ ವೈದ್ಯನು ಅಮೆರಿಕ ಖಂಡಕ್ಕೆ ಲಸಿಕೆಯನ್ನು ಒಯ್ಯಲು ಹಡಗು ಹತ್ತಿದಾಗ, ಅದನ್ನು ಜೀವಂತವಾಗಿರಿಸುವುದಕ್ಕಾಗಿ 22 ಮಂದಿ ಅನಾಥ ಬಾಲಕರನ್ನು ಜೊತೆಯಲ್ಲಿ ಕರೆದೊಯ್ದನು.

ಮೈಸೂರಿನ ರಾಣಿಯು ಲಸಿಕೆ ಪಡೆದರೆಂದಾದರೆ, ಆ ರಸವು ಯಾವುದೋ ಒಂದು ಮಗುವಿನ ತೋಳಿನಿಂದ ಬಂದಿರುವ ಸಂಭವವೇ ಹೆಚ್ಚು. ಆ ಮಗುವಿನ ಕುಲ ಯಾವುದು, ತಂದೆತಾಯಿಯರು ಒಪ್ಪಿದ್ದರೇ, ಒಪ್ಪಿಗೆಯನ್ನು ಯಾರಾದರೂ ಕೇಳಿದ್ದರೇ? ಚಾನ್ಸಲರ್ ಅವರು ಲಕ್ಷ್ಮಮ್ಮಣ್ಣಿಯವರ ಸಮ್ಮತಿಗೆ ಬಹಳ ಪ್ರಾಮುಖ್ಯ ಕೊಡುತ್ತಾರೆ. ಅರಸರೂ ರಾಣಿಯರೂ ಬಾಲ್ಯದಲ್ಲಿದ್ದುದರಿಂದ ಹಿರಿಯರ ಒಪ್ಪಿಗೆಯೇ ನಿರ್ಣಾಯಕವಾಯಿತೆಂಬ ಅವರ ಮಾತು ಸಮಂಜಸವಾದದ್ದು. ಆದರೆ ಒಪ್ಪಿಗೆಯ ಪ್ರಶ್ನೆಯನ್ನು ಅರಮನೆಯ ಬಾಗಿಲಿನಲ್ಲಿಯೇ ನಿಲ್ಲಿಸುವುದೇಕೆ? ಪರದೇಹದ ರಸವನ್ನು ತನ್ನ ದೇಹಕ್ಕೆ ಸೇರಿಸಿಕೊಳ್ಳುವುದು ಮಡಿಮೈಲಿಗೆಯ ವಿವೇಚನೆಯಿದ್ದ ಸಮಾಜದಲ್ಲಿ ಸಾಮಾನ್ಯವಾದ ವಿಷಯವಾಗಿರಲಿಲ್ಲ. ಅದನ್ನು ಸಾಮಾನ್ಯ ಜನರು ಹೇಗೆ ಒಪ್ಪಿದರು, ಎಲ್ಲೆಲ್ಲಿ ಒಪ್ಪಲಿಲ್ಲ ಎಂಬುದೇ ನಿಜವಾದ ಸಂಶೋಧನೆಯ ವಿಷಯ. ನಮ್ಮ ನುಡಿಯಲ್ಲಿಯೇ ಅದಕ್ಕೊಂದು ಸುಳಿವಿದೆ. ಸಿಡುಬನ್ನು ದೇವಿಯೆಂದು, ಅಮ್ಮನೆಂದು ಕರೆದ ಜನರು ಲಸಿಕೆಯನ್ನೂ ‘ದೇವಿ ಹಾಕಿಸುವುದು’ ಎಂದೇ ಕರೆದರು. ಹೊಸದನ್ನು ಹಳೆಯ ಹೆಸರಿನಿಂದ ಒಳಗೆ ಬರಮಾಡಿಕೊಂಡ ಈ ಮಾತು, ಯಾವ ಚಿತ್ರಕಾರನೂ ಬರೆಯದ, ಯಾವ ಸರ್ಕಾರವೂ ಬರೆಯಿಸದ ಸಾಕ್ಷ್ಯ.

ಇದು ಕೇವಲ ಪಂಡಿತರ ಜಿಜ್ಞಾಸೆಯೆಂದು ಕೆಲವರಿಗೆ ತೋರಬಹುದು. ರಾಣಿಯ ಕಥೆಯಿಂದ ನಾಲ್ಕು ಜನರಿಗೆ ಲಸಿಕೆಯಲ್ಲಿ ವಿಶ್ವಾಸ ಹುಟ್ಟುವುದಾದರೆ ಅದನ್ನು ಪ್ರಶ್ನಿಸುವುದೇಕೆಂದು ಕೇಳುವವರೂ ಇದ್ದಾರೆ. ಈ ಆಕ್ಷೇಪಣೆಗೆ ಉತ್ತರ ಸರಳವಾಗಿದೆ. ದುರ್ಬಲವಾದ ಕಂಬದ ಮೇಲೆ ನಿಲ್ಲಿಸಿದ ವಿಶ್ವಾಸವು ಕಂಬದೊಡನೆಯೇ ಉರುಳುತ್ತದೆ. ನಾಳೆ ಯಾರಾದರೂ ಆ ಚಿತ್ರವು ಬೇರೆಯವರದೆಂದು ಸಿದ್ಧಪಡಿಸಿದರೆ, ಕಥೆಯ ಜೊತೆಗೆ ಲಸಿಕೆಯೂ ಸುಳ್ಳೆಂದು ಹೇಳಲು ಕಾದಿರುವವರಿಗೆ ನಾವೇ ಅವಕಾಶ ಮಾಡಿಕೊಟ್ಟಂತಾಗುತ್ತದೆ. ಲಸಿಕೆಗೆ ಇಂಥ ಆಸರೆಯ ಅಗತ್ಯವೂ ಇಲ್ಲ. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣವು 1975ರ ಮೇ ತಿಂಗಳಿನಲ್ಲಿ ಕಂಡುಬಂದಿತು. 1980ರ ಮೇ 8ರಂದು ವಿಶ್ವ ಆರೋಗ್ಯ ಸಭೆಯು ಇಡೀ ಜಗತ್ತು ಸಿಡುಬಿನಿಂದ ಮುಕ್ತವಾಯಿತೆಂದು ಘೋಷಿಸಿತು. ಲಸಿಕೆಯ ಪರವಾಗಿ ಇದಕ್ಕಿಂತ ದೊಡ್ಡ ಸಾಕ್ಷ್ಯವನ್ನು ಯಾವ ಅರಮನೆಯೂ ಒದಗಿಸಲಾರದು.

ಆದಕಾರಣ ಹಿಕ್ಕಿಯ ಚಿತ್ರವನ್ನು ತರಗತಿಯಲ್ಲಿ ತೋರಿಸುವ ಅಧ್ಯಾಪಕರು ಅದನ್ನು ‘ಮೈಸೂರಿನ ರಾಣಿಯರದೆಂದೂ ಲಸಿಕೆಯ ಪ್ರಚಾರಕ್ಕಾಗಿ ಬರೆದುದೆಂದೂ ವಿದ್ವಾಂಸರೊಬ್ಬರು ಅರ್ಥೈಸಿರುವ ಚಿತ್ರ’ ಎಂದು ಪರಿಚಯಿಸುವುದು ಯುಕ್ತ. ವಾಕ್ಯವು ಸ್ವಲ್ಪ ಉದ್ದವಾದರೂ ಸತ್ಯಕ್ಕೆ ಹತ್ತಿರವಾಗಿರುತ್ತದೆ. ಅರಮನೆಯ ಕಡತಗಳಲ್ಲಿಯೂ ರೆಸಿಡೆಂಟನ ಪತ್ರವ್ಯವಹಾರದಲ್ಲಿಯೂ ಲಸಿಕೆ ಹಾಕುವವರ ಸಂಬಳ, ಸಂಚಾರ, ಅವರು ಎದುರಿಸಿದ ವಿರೋಧಗಳನ್ನು ಹುಡುಕುವ ಕೆಲಸವನ್ನು ಸ್ನಾತಕೋತ್ತರ ವಿದ್ಯಾರ್ಥಿಗಳು ಕೈಗೊಂಡರೆ, ಮೂವರು ಸ್ತ್ರೀಯರ ಈ ಚಿತ್ರದ ಹಿಂದೆ ನಿಂತಿರುವ ಸಾವಿರಾರು ಮಂದಿಯ ಚರಿತ್ರೆಯೂ ಬೆಳಕಿಗೆ ಬಂದೀತು.