ಟೆವ್ಯೆಯ ಇಪ್ಪತ್ತು ವರ್ಷ

ಶೋಲೆಮ್ ಅಲೈಖೆಮ್ ಹಾಲಿನವನಾದ ಟೆವ್ಯೆಯ ಮೊದಲ ಕಥೆಯನ್ನು ಯಿಡ್ಡಿಷ್‌ನಲ್ಲಿ ಬರೆದದ್ದು 1894ರಲ್ಲಿ. ಬಡವನಿಗೆ ಅದೃಷ್ಟ ಖುಲಾಯಿಸಿದ ನಗೆಯ ಕಥೆ, ಅಷ್ಟೆ. ಆಮೇಲೆ ಟೆವ್ಯೆಯ ಹೆಣ್ಣುಮಕ್ಕಳ ಕಥೆಗಳು ಬಂದವು: ಹೋಡ್ಲ್ ಸೆರೆಯಾದ ಕ್ರಾಂತಿಕಾರಿ ಗಂಡನ ಹಿಂದೆ ಹೋದಳು, ಖಾವಾ ಧರ್ಮದಾಚೆ ಮದುವೆಯಾದಳು, ಶ್ಪ್ರಿಂಟ್ಸೆ ನೀರಿಗೆ ಬಿದ್ದು ಸತ್ತಳು. 1914ರ ಕಥೆಯಲ್ಲಿ ಟೆವ್ಯೆಯನ್ನೇ ಹಳ್ಳಿಯಿಂದ ಎಬ್ಬಿಸುತ್ತಾರೆ.

ವಿಚಿತ್ರವೆಂದರೆ ತಂತ್ರ ಬದಲಾಗಲೇ ಇಲ್ಲ. ಮಾತಾಡುವ ಅದೇ ಟೆವ್ಯೆ, ಕೇಳುತ್ತ ಕೂತ ಅದೇ ಲೇಖಕ, ಮಾತಿಗೊಮ್ಮೆ ತಿರುಚಿದ ಶಾಸ್ತ್ರವಾಕ್ಯ. ಮೊದಲು ಆ ತಿರುಚು ಪಾಂಡಿತ್ಯದ ಜಂಬ. ಕೊನೆಕೊನೆಗೆ ಅಳು ನುಂಗುವ ಉಪಾಯ. ಶೋಲೆಮ್ ಅಲೈಖೆಮ್‌ರನ್ನು ಬರೀ ಹಾಸ್ಯಗಾರರೆನ್ನುವವರು, ಕಾಡುದಾರಿಯಲ್ಲಿ ಎದುರಾದ ಖಾವಾಳೊಡನೆ ಮಾತಾಡದೆ ಗಾಡಿ ಹೊಡೆದುಕೊಂಡು ಹೋಗುವ ಅಪ್ಪನನ್ನು ಓದಿಲ್ಲವೇನೋ.